ಅವ್ವ ಕೂತ ಕೆಂಪು ಕುರ್ಚಿ

ಗನ್ನವರಂ ಎಂದರೆ ಸಂಘದ ಹಳೆಯ ಮಿತ್ರರಿಗೆ ತಟ್ಟನೆ ಗೊತ್ತಾಗುವುದಿಲ್ಲ. ವಿಜಯವಾಡದ ವಿಮಾನ ನಿಲ್ದಾಣವಿರುವ ಊರು ಎಂದು ಬಿಡಿಸಿ ಹೇಳಿದರೆ, “ಹಾಗೆನ್ನಿ ಮತ್ತೆ, ವಿಜಯವಾಡದಲ್ಲೇ ಇದ್ದೀರಿ” ಎನ್ನುತ್ತಾರೆ. ಇಲ್ಲ ಸ್ವಾಮಿ, ವಿಜಯವಾಡಕ್ಕೂ ನಮಗೂ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು ಹೆದ್ದಾರಿಯಿದೆ, ಪಕ್ಕದಲ್ಲಿ ಏಲೂರು ಕಾಲುವೆಯಿದೆ, ಅದರಾಚೆ ಭತ್ತದ ಗದ್ದೆಗಳಿವೆ. ಮನೆಯ ಮಾಳಿಗೆ ಹತ್ತಿದರೆ ವಿಮಾನ ಇಳಿಯುವುದು ಕಾಣುತ್ತದೆ. ಇಳಿಯುವಾಗ ಅದರ ಸದ್ದಿಗೆ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳದು. ಈ ಕಾರಣದಿಂದ ನಮ್ಮ ಮನೆಯಲ್ಲಿ ಎಷ್ಟೋ ಜಗಳಗಳು ಅರ್ಧಕ್ಕೇ ನಿಂತಿವೆ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ.

‘ನಾವು’ ಎಂದರೆ ಸಂಬಳದ ಪಟ್ಟಿಯ ಪ್ರಕಾರ ಒಬ್ಬರೇ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೇಲ್ದರ್ಜೆ ಗುಮಾಸ್ತರು, ಬಿ.ಎಸ್‌ಸಿ. ಪದವೀಧರರು, ಬಾಗಲಕೋಟೆ ಕಡೆಯವರು. ಆದರೆ ಆ ಸಂಬಳದಲ್ಲಿ ಉಣ್ಣುವವರನ್ನೂ ಸೇರಿಸಿದರೆ ನಾವು ಐದು ಮಂದಿ: ಅವ್ವ, ನಮ್ಮಾಕೆ, ಮಗಳು, ಮಗ ಮತ್ತು ಈ ಬರಹಗಾರ. ಹನ್ನೆರಡು ವರ್ಷ ಹೈದರಾಬಾದಿನಲ್ಲಿದ್ದು, 2016ರಲ್ಲಿ ವರ್ಗವಾಗಿ ಇಲ್ಲಿಗೆ ಬಂದೆವು. ಇಲ್ಲಿ ಕನ್ನಡ ಸಂಘವೆಂಬುದು ನಮ್ಮ ಮನೆಯೇ. ಸದಸ್ಯರು ಐವರು, ಕೋರಂ ಯಾವಾಗಲೂ ಭರ್ತಿ. ಮಹಾನಗರದ ಸಂಘದ ಈ ಮಾಸಪತ್ರಿಕೆ ಅಂಚೆಯಲ್ಲಿ ಬಂದ ದಿನ ಮಾತ್ರ ಹೊರಗಿನ ಪ್ರತಿನಿಧಿಯೊಬ್ಬರು ಸಭೆಗೆ ಬಂದಂತಾಗುತ್ತದೆ.

ಈ ಸಲ ಬರೆಯಹೊರಟಿರುವುದು ಒಬ್ಬ ದೂರದರ್ಶನ ನಿರೂಪಕರ ಬಗ್ಗೆ. ಅವರೇನೂ ನಮ್ಮ ಪರಿಚಿತರಲ್ಲ, ಅವರಿಗೆ ನಾವಂತೂ ಗೊತ್ತೇ ಇಲ್ಲ. ಆದರೂ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಗೆ ಅವರೇ ಕಾರಣರು. ಅವರ ಹೆಸರು ರಮೇಶ್ ಅರವಿಂದ್. ‘ವೀಕೆಂಡ್ ವಿತ್ ರಮೇಶ್’ ಎಂಬ ಕಾರ್ಯಕ್ರಮವನ್ನು ನೋಡದ ಕನ್ನಡ ಮನೆ ಪರಸ್ಥಳದಲ್ಲಿಯೂ ಕಡಿಮೆ.

ಹೀಗೆ ಗಣ್ಯರನ್ನು ಕೂರಿಸಿ ಮಾತಾಡಿಸುವ ಪದ್ಧತಿ ಹೊಸದೇನಲ್ಲ. ಅಮೆರಿಕದಲ್ಲಿ ರಾಲ್ಫ್ ಎಡ್ವರ್ಡ್ಸ್ ಎಂಬುವರು 1948ರಲ್ಲಿ ‘ದಿಸ್ ಈಸ್ ಯುವರ್ ಲೈಫ್’ ಎಂಬ ಕಾರ್ಯಕ್ರಮವನ್ನು ರೇಡಿಯೋದಲ್ಲಿ ಆರಂಭಿಸಿದರು. 1952ರಲ್ಲಿ ಅದು ಟೆಲಿವಿಷನ್ನಿಗೆ ಬಂತು. ಒಬ್ಬರನ್ನು ಕೂರಿಸುವುದು, ಅವರ ಬಾಳಿನ ಕಥೆಯನ್ನು ಅವರಿಗೇ ಹೇಳುವುದು, ನಡುನಡುವೆ ಮರೆತುಹೋದ ಗೆಳೆಯರನ್ನೂ ಗುರುಗಳನ್ನೂ ಪರದೆಯ ಹಿಂದಿನಿಂದ ಕರೆತಂದು ಬೆರಗುಗೊಳಿಸುವುದು: ಇದೇ ಅದರ ಜೀವಾಳ. ನಮ್ಮ ದೇಶದಲ್ಲಿ ತಬಸ್ಸುಮ್ ಅವರು 1972ರಿಂದ 1993ರವರೆಗೆ ದೂರದರ್ಶನದಲ್ಲಿ ‘ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್’ ನಡೆಸಿದರು. ಆಮೇಲೆ ನಟ ಫಾರೂಕ್ ಶೇಖ್ ಹಿಂದಿಯಲ್ಲಿ ‘ಜೀನಾ ಇಸೀ ಕಾ ನಾಮ್ ಹೈ’ ನಡೆಸಿಕೊಟ್ಟರು. ಕನ್ನಡದಲ್ಲಿ ಆ ಪರಂಪರೆ ಮನೆಮಾತಾದದ್ದು ರಮೇಶ್ ಅವರಿಂದ.

ರಮೇಶ್ ಹುಟ್ಟಿದ್ದು 1964ರ ಸೆಪ್ಟೆಂಬರ್ 10ರಂದು. ಮನೆಮಾತು ತಮಿಳು. ಓದಿದ್ದು ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಸಿನಿಮಾಕ್ಕೆ ಬರುವ ಮೊದಲೇ ದೂರದರ್ಶನದಲ್ಲಿ ‘ಪರಿಚಯ’ ಎಂಬ ಕಾರ್ಯಕ್ರಮದ ನಿರೂಪಕರಾಗಿದ್ದವರು. ಅಂದರೆ ನಟ ಆಮೇಲೆ ನಿರೂಪಕನಾದದ್ದಲ್ಲ, ನಿರೂಪಕನೇ ನಟನಾದದ್ದು. ಕೆ. ಬಾಲಚಂದರ್ ಅವರ ‘ಸುಂದರ ಸ್ವಪ್ನಗಳು’ 1986ರಲ್ಲಿ ಬಂತು. 1988ರಲ್ಲಿ ಅದೇ ಬಾಲಚಂದರ್ ತೆಲುಗಿನಲ್ಲಿ ತೆಗೆದ ‘ರುದ್ರವೀಣ’ದಲ್ಲಿ ಚಿರಂಜೀವಿಯವರ ಜೊತೆ ರಮೇಶ್ ಇದ್ದಾರೆ. ನಮ್ಮ ಕಚೇರಿಯ ತೆಲುಗು ಮಿತ್ರರಿಗೆ ಅವರ ಪರಿಚಯ ಹೇಳಬೇಕಾದಾಗ ನಾವು ಹಿಡಿಯುವ ದಾರವೇ ಇದು. ಕನ್ನಡಿಗರಿಗೆ ಬೇರೆ ದಾರ ಬೇಕಿಲ್ಲ. ‘ಅಮೆರಿಕಾ! ಅಮೆರಿಕಾ!!’, 1996ರ ‘ನಮ್ಮೂರ ಮಂದಾರ ಹೂವೇ’, 1997ರ ‘ಅಮೃತವರ್ಷಿಣಿ’, 2004ರ ‘ಆಪ್ತಮಿತ್ರ’ ಎಂದರೆ ಸಾಕು. 2005ರ ‘ರಾಮ ಶಾಮ ಭಾಮ’ದಿಂದ ನಿರ್ದೇಶಕರೂ ಆದರು. 2017ರ ‘ಪುಷ್ಪಕ ವಿಮಾನ’ಕ್ಕೆ ಅವರ ಚಿತ್ರಗಳ ಸಂಖ್ಯೆ ನೂರಾಯಿತು.

‘ವೀಕೆಂಡ್ ವಿತ್ ರಮೇಶ್’ ಆರಂಭವಾದದ್ದು 2014ರ ಆಗಸ್ಟಿನಲ್ಲಿ, ಜೀ ಕನ್ನಡ ವಾಹಿನಿಯಲ್ಲಿ. ಸಾಧಕರು ಕೂರುವುದಕ್ಕೆ ಒಂದು ಕೆಂಪು ಕುರ್ಚಿ. ಅದರ ಮೇಲೆ ಮೊದಲು ಕೂತವರು ಪುನೀತ್ ರಾಜಕುಮಾರ್. 2023ರವರೆಗೆ ಐದು ಸರಣಿಗಳು ಬಂದವು. ನಟರು, ಗಾಯಕರು, ರಾಜಕಾರಣಿಗಳು, ಉದ್ಯಮಿಗಳು ಆ ಕುರ್ಚಿಯಲ್ಲಿ ಕೂತು ನಕ್ಕರು, ಅತ್ತರು. ಸಿನಿಮಾದವರೇ ಹೆಚ್ಚಾದರಲ್ಲ ಎಂದು ನಾವೊಮ್ಮೆ ಗೊಣಗಿದಾಗ ಅವ್ವ ಹೇಳಿದ್ದು: “ಸಿನಿಮಾದಾವ್ರು ಆದ್ರೇನಾತು, ಅವರಿಗೂ ಒಬ್ಬಾಕಿ ಅವ್ವ ಇರತಾಳಲ್ಲ.” ಅವ್ವ ನೋಡುತ್ತಿದ್ದುದು ಕುರ್ಚಿಯಲ್ಲಿ ಕೂತವರನ್ನಲ್ಲ, ಅವರ ತಾಯಂದಿರು ಯಾವಾಗ ಬರುತ್ತಾರೆಂದು.

ರಮೇಶ್ ಅವರ ಕೆಲಸವನ್ನು ನಮ್ಮ ಬಿ.ಎಸ್‌ಸಿ. ಭಾಷೆಯಲ್ಲಿ ಹೇಳುವುದಾದರೆ ಅದು ಕ್ರಿಯಾವರ್ಧಕದ ಕೆಲಸ. ಪೊಟ್ಯಾಸಿಯಂ ಕ್ಲೋರೇಟನ್ನು ಬರಿದೇ ಕಾಯಿಸಿದರೆ ಆಮ್ಲಜನಕ ಬರುವುದು ಬಹಳ ನಿಧಾನ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ ನೋಡಿ, ಕಡಿಮೆ ಶಾಖಕ್ಕೇ ಗುಳುಗುಳು ಎಂದು ಬರುತ್ತದೆ. ಕೊನೆಗೆ ತೂಗಿದರೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದಷ್ಟೇ ಇರುತ್ತದೆ. ತಾನು ಖರ್ಚಾಗದೆ, ತನ್ನನ್ನು ಮೆರೆಸದೆ, ಎದುರಿಗಿದ್ದವರ ಒಳಗಿದ್ದುದನ್ನು ಹೊರಕ್ಕೆ ತರುವುದು. ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಎದುರಿಗಿದ್ದವರು ಗಂಟಲು ಕಟ್ಟಿ ನಿಂತರೆ ತಾವು ನಡುವೆ ಬಾಯಿ ಹಾಕುವುದಿಲ್ಲ, ಕಾಯುತ್ತಾರೆ. ಗಾಯವಿದ್ದಲ್ಲಿ ಕೆದಕುವುದಿಲ್ಲ. ನಗುವುದು ಅತಿಥಿಯ ಜೊತೆಗೇ ಹೊರತು ಅತಿಥಿಯನ್ನು ನೋಡಿ ಅಲ್ಲ. ಕೂಗಾಡುವುದೇ ಸಂದರ್ಶನ ಎಂದು ತಿಳಿದಿರುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ.

ಇಷ್ಟು ಅವರ ಕಥೆ. ಇನ್ನು ನಮ್ಮ ಕಥೆಗೆ ಬರೋಣ.

ನಮ್ಮ ತಂದೆಯವರು ತೀರಿಕೊಂಡದ್ದು 2014ರ ಬೇಸಿಗೆಯಲ್ಲಿ. ಅವ್ವನನ್ನು ಹೈದರಾಬಾದಿಗೆ ಕರೆತಂದೆವು. ಆಕೆ ಊಟ ಮಾಡುತ್ತಿದ್ದಳು, ಮಲಗುತ್ತಿದ್ದಳು, ಮಾತು ಮಾತ್ರ ನಿಂತುಹೋಗಿತ್ತು. ಕೇಳಿದ್ದಕ್ಕೆ ‘ಹೂಂ’, ಇಲ್ಲವೆ ‘ಒಲ್ಲೆ’. ಆ ಆಗಸ್ಟಿನ ಒಂದು ಶನಿವಾರ ರಾತ್ರಿ ಪುನೀತ್ ಕೂತಿದ್ದ ಕಂತನ್ನು ನೋಡುತ್ತ ಅವ್ವ ಒಮ್ಮೆಗೇ ನಕ್ಕಳು. “ಥೇಟ್ ಅಪ್ಪನ ನಗಿ ನೋಡು” ಎಂದಳು. ಮೂರು ತಿಂಗಳಲ್ಲಿ ಆಕೆ ತಾನಾಗಿ ಆಡಿದ ಮೊದಲ ಮಾತು ಅದು. ನಮ್ಮಾಕೆ ಅಡಿಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಅಂದಿನಿಂದ ವಾರದ ಕೊನೆಯ ಎರಡು ರಾತ್ರಿ ನಮ್ಮ ಮನೆಯ ಟಿ.ವಿ. ಅವ್ವನ ಸ್ವತ್ತಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಸುದ್ದಿ ಬಂದಾಗ ಅವ್ವ ಆ ದಿನ ಒಲೆಯ ಹತ್ತಿರ ಬರಲಿಲ್ಲ. ಮನೆಯ ಮಗನೊಬ್ಬ ಹೋದಂತೆ ಕೂತಿದ್ದಳು.

ನಡುವೆ ಒಂದು ಘಟನೆಯನ್ನು ಹೇಳಲೇಬೇಕು. ಹೇಳಿಕೊಳ್ಳಲು ನಾಚಿಕೆಯಾಗುವಂಥದು.

2019ರ ಫೆಬ್ರವರಿಯಿಂದ ಟಿ.ವಿ. ದರಗಳ ಹೊಸ ನಿಯಮ ಜಾರಿಗೆ ಬಂದದ್ದು ಓದುಗರಿಗೆ ನೆನಪಿರಬಹುದು. ಮೊದಲ 100 ವಾಹಿನಿಗಳಿಗೆ 130 ರೂಪಾಯಿ ಮತ್ತು ತೆರಿಗೆ. ಹಣ ಕೊಟ್ಟು ನೋಡುವ ವಾಹಿನಿಗಳನ್ನು ನಾವೇ ಆರಿಸಿ, ಒಂದೊಂದಕ್ಕೂ ಬೇರೆಯಾಗಿ ತೆರಬೇಕು. ಗುಮಾಸ್ತನ ಕೈಗೆ ಇಂಥ ಪಟ್ಟಿ ಸಿಕ್ಕರೆ ಕೇಳಬೇಕೆ? ಕೆಂಪು ಮಸಿಯ ಲೇಖನಿ ಹಿಡಿದು ಕೂತೆವು. ಮಕ್ಕಳಿಗೆ ಕಾರ್ಟೂನು ಬೇಕು, ನಮ್ಮಾಕೆಗೆ ಎರಡು ತೆಲುಗು ಧಾರಾವಾಹಿ ಬೇಕು, ನಮಗೆ ಕ್ರಿಕೆಟ್ ಬೇಕು. ಕನ್ನಡಕ್ಕೆ ಉಚಿತವಾದ ಚಂದನ ಇದ್ದೇ ಇದೆಯಲ್ಲ, ಬೇರೆ ಕನ್ನಡ ವಾಹಿನಿಗಳೇಕೆ ಎಂದು ಅಡ್ಡಗೆರೆ ಎಳೆದೆವು. ತಿಂಗಳಿಗೆ ಇಷ್ಟು ಉಳಿತಾಯ ಎಂದು ಮನೆಯವರಿಗೆ ಹೆಮ್ಮೆಯಿಂದ ಓದಿಯೂ ಹೇಳಿದೆವು. ಅವ್ವ ಆಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಆಕೆಯನ್ನು ಕೇಳುವ ಯೋಚನೆಯೇ ನಮಗೆ ಹೊಳೆಯಲಿಲ್ಲ.

ಅವ್ವ ಒಂದು ಮಾತನ್ನೂ ಆಡಲಿಲ್ಲ. ಸಂಜೆ ಚಂದನ ನೋಡುತ್ತಿದ್ದಳು, ‘ಥಟ್ ಅಂತ ಹೇಳಿ’ಗೆ ಒಳಗೊಳಗೇ ಉತ್ತರ ಹೇಳುತ್ತಿದ್ದಳು, ಬೇಗ ಮಲಗುತ್ತಿದ್ದಳು. ವಯಸ್ಸಾಯಿತು, ನಿದ್ದೆ ಬೇಗ ಬರುತ್ತದೆ ಎಂದುಕೊಂಡೆವು. ಏಪ್ರಿಲ್ ತಿಂಗಳಲ್ಲಿ ನಾಲ್ಕನೆಯ ಸರಣಿ ಆರಂಭವಾಯಿತು. ಮೊದಲ ಅತಿಥಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು. ಮರುದಿನ ಬಾಗಲಕೋಟೆಯಿಂದ ನಮ್ಮ ಚಿಕ್ಕಮ್ಮನ ಫೋನು ಬಂತು. ಆಕೆಗೆ ಕಿವಿ ಮಂದ, ಮಾತು ಜೋರು, ನಮಗೂ ಕೇಳಿಸುತ್ತಿತ್ತು. “ಅಕ್ಕಾ, ನಿನ್ನಿ ಹೆಗ್ಗಡೇರು ಬಂದಿದ್ರು, ನೋಡಿದಿಲ್ಲೋ?”

“ಹೂಂ ಬೇ, ನೋಡಿದೆ. ಛಲೋ ಇತ್ತು” ಎಂದಳು ಅವ್ವ.

ಅವ್ವ ಸುಳ್ಳು ಹೇಳಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಮ್ಮ ಮರ್ಯಾದೆ ಉಳಿಸಲು, ಮಗನ ಮನೆಯಲ್ಲಿ ಕಡಿಮೆಯೇನೂ ಇಲ್ಲ ಎಂದು ತಂಗಿಯ ಮುಂದೆ ತೋರಿಸಲು, ಎಪ್ಪತ್ತು ದಾಟಿದ ಹೆಂಗಸು ಸುಳ್ಳು ಹೇಳಿದ್ದಳು. ಫೋನು ಇಟ್ಟ ಮೇಲೆ ಕೇಳಿದೆವು. ಆ ನಂಬರು ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬರೆದದ್ದು ಬರುತ್ತದೆ, ಕೆಟ್ಟಿರಬೇಕೆಂದು ಮೊದಲು ತಿಳಿದೆ, ಆಮೇಲೆ ನೀವೇ ತೆಗೆಸಿದ್ದೀರೆಂದು ಗೊತ್ತಾಯಿತು ಎಂದಳು. “ಇರಲಿ ಬಿಡಪಾ, ರೊಕ್ಕ ಉಳೀಲಿ. ಹುಡುಗರ ಸಾಲಿ ಖರ್ಚು ಬಾಳ ಐತಿ.”

ಅಂದೇ ವಾಹಿನಿಯನ್ನು ಮರಳಿ ಹಾಕಿಸಿದೆವು. ಆದರೆ ಒಮ್ಮೆ ಎಳೆದ ಕೆಂಪು ಗೆರೆಯನ್ನು ಅಳಿಸಿದರೂ ಕಾಗದದಲ್ಲಿ ಗುರುತು ಉಳಿಯುತ್ತದೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಇದು ಗೊತ್ತು.

2023ರಲ್ಲಿ ಐದನೆಯ ಸರಣಿಯೂ ಬಂದು ಮುಗಿಯಿತು. ಅವ್ವನಿಗೆ ಶನಿವಾರ ರಾತ್ರಿಗಳು ಖಾಲಿ ಎನಿಸತೊಡಗಿದವು. ಆ ದಸರೆಯ ರಜೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳು ಒಂದು ಸೂಚನೆ ಮಂಡಿಸಿದಳು: “ಆಯಿಯನ್ನೇ ಕೂರಿಸಿ ಕೇಳೋಣ ಅಪ್ಪಾ.” ನಮ್ಮ ಮನೆಯ ಕುರ್ಚಿಗಳು ನೀಲಿ ಪ್ಲಾಸ್ಟಿಕ್ಕಿನವು. ನಮ್ಮಾಕೆ ಅವ್ವನ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆ ತೆಗೆದು, ಅದರ ಕೆಂಪು ಸೆರಗು ಮುಂದೆ ಬರುವಂತೆ ಕುರ್ಚಿಗೆ ಹೊದಿಸಿದಳು. ಮಗ ಟಾರ್ಚು ಹಿಡಿದು ದೀಪದ ವ್ಯವಸ್ಥೆಗೆ ನಿಂತ.

ಅವ್ವ ಒಪ್ಪಲಿಲ್ಲ. “ನಾ ಏನ್ ಸಾಧನಾ ಮಾಡೇನಿ ಅಂತ ನನ್ನ ಕುಂದರಸ್ತೀರಿ? ನಗತಾರ ಮಂದಿ.” ಮಂದಿ ಎಂದರೆ ನಾವು ನಾಲ್ವರೇ ತಾನೇ ಎಂದು ಹೇಳಿ, ಕೈಹಿಡಿದು ಕೂರಿಸಿದೆವು.

ನಿರೂಪಕರ ಸ್ಥಾನದಲ್ಲಿ ಮೊದಲು ಕೂತವರು ನಾವು. ಆ ಮೇಲೆ ನಡೆದದ್ದು ಪೂರ್ತಿ ಅಪಜಯ. “ಹುಟ್ಟಿದ ವರ್ಷ?” “ತವರೂರು?” “ಒಡಹುಟ್ಟಿದವರೆಷ್ಟು?” ನಾವು ಕೇಳಿದ್ದು ಹೀಗೆ. ಅವ್ವ ಹೇಳಿದ್ದೂ ಹಾಗೆಯೇ, ಒಂದೊಂದೇ ಮಾತಿನಲ್ಲಿ. ನಮ್ಮಾಕೆ ಕೈ ಮುಗಿದು, “ಇದೇನು ಪಿಂಚಣಿ ಅರ್ಜಿ ತುಂಬಿಸುತ್ತಿದ್ದೀರೋ? ಏಳಿ ಮೇಲೆ” ಎಂದಳು. ಎದ್ದೆವು. ಮಗಳು ಕೂತಳು.

ಅವಳು ಕೇಳಿದ್ದು ಒಂದೇ ಪ್ರಶ್ನೆ: “ಆಯಿ, ನಿಮ್ಮ ಮನೆ ಹೇಗಿತ್ತು?”

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ನಾವು ಏನಾದರೂ ಹೇಳಿಕೊಡೋಣವೆಂದು ಬಾಯಿ ತೆರೆದೆವು. ಮಗಳು ಕೈಯೆತ್ತಿ ತಡೆದಳು. ಕಾಯುವುದನ್ನು ಅವಳು ಟಿ.ವಿ.ಯಲ್ಲಿ ನೋಡಿ ಕಲಿತಿದ್ದಳೆಂದು ಆಗ ಅರ್ಥವಾಯಿತು.

ಆ ಮನೆಯ ವಿಷಯ ಓದುಗರಿಗೆ ಸ್ವಲ್ಪ ಹೇಳಬೇಕು. ಅವ್ವನ ತವರೂ ನಮ್ಮ ಊರೂ ಎರಡೂ ಕೃಷ್ಣೆಯ ದಂಡೆಯವು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಮೇಲೇಳುತ್ತ ಹೋದಂತೆ ಹಿನ್ನೀರು ಹಳ್ಳಿಗಳನ್ನು ಒಂದೊಂದಾಗಿ ನುಂಗಿತು. ಹಳೆಯ ಬಾಗಲಕೋಟೆಯ ದೊಡ್ಡ ಭಾಗವೇ ಮುಳುಗಿ, ಜನರಿಗಾಗಿ ನವನಗರ ಕಟ್ಟಿದರು. ಟಿ.ವಿ.ಯಲ್ಲಿ ಸಾಧಕರಿಗೆ ಅವರು ಹುಟ್ಟಿದ ಮನೆ, ಆಡಿದ ಅಂಗಳ, ಓದಿದ ಶಾಲೆ ತೋರಿಸುತ್ತಾರೆ. ಅವ್ವನಿಗೆ ತೋರಿಸಲು ನೀರಿನ ಹೊರತು ಏನೂ ಇಲ್ಲ. 2016ರ ಆಗಸ್ಟಿನಲ್ಲಿ ಕೃಷ್ಣಾ ಪುಷ್ಕರ ಬಂದಾಗ ವಿಜಯವಾಡದ ಘಟ್ಟಕ್ಕೆ ಕರೆದೊಯ್ದಿದ್ದೆವು. ಎಲ್ಲರೂ ಮೂರು ಮುಳುಗು ಹಾಕಿ ಎದ್ದರೆ ಅವ್ವ ಬೊಗಸೆಯಲ್ಲಿ ನೀರು ಹಿಡಿದು ನಿಂತುಬಿಟ್ಟಿದ್ದಳು. “ನಮ್ಮ ಮನೀ ಮ್ಯಾಲಿಂದ ಹರದು ಬಂದದ್ದು” ಎಂದಿದ್ದಳು. ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಪ್ರಕಾಶಂ ಬ್ಯಾರೇಜಿಗೆ ಬರುವ ನೀರು. ಲೆಕ್ಕ ತಪ್ಪಲ್ಲ. ಇಲ್ಲಿಯ ವಿಮಾನ ನಿಲ್ದಾಣದ ವಿಸ್ತರಣೆಗೆ ಹೊಲ ಕೊಟ್ಟ ಪಕ್ಕದ ಮನೆಯ ಅಜ್ಜಿಗೂ ಅವ್ವನಿಗೂ ಗಳಸ್ಯ ಕಂಠಸ್ಯ. ಒಬ್ಬರು ತೆಲುಗು, ಒಬ್ಬರು ಕನ್ನಡ ಆಡುತ್ತಾರೆ. ಹೊಲ ಕಳೆದುಕೊಂಡವರಿಗೆ ದುಭಾಷಿ ಬೇಕಾಗುವುದಿಲ್ಲವೆಂದು ತೋರುತ್ತದೆ.

ಅವ್ವ ಹೇಳತೊಡಗಿದಳು. ಮಣ್ಣಿನ ಮಾಳಿಗೆಯ ಮನೆ, ದನ ಕಟ್ಟುವ ಅಂಕಣ, ಜೋಳದ ಹಗೇವು, ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದ ಪಾಟಿ. ಪಾಟಿ ಎಂದರೇನು ಎಂದು ಮಗಳು ಕೇಳಿದಳು. ಸ್ಲೇಟು ಎಂದೆವು. ಪಾಟಿಯ ಮಾತಿನಿಂದ ಶಾಲೆಯ ಮಾತು ಬಂತು.

“ನಾ ಮುಲ್ಕಿ ಪಾಸಾಗೇನಿ” ಎಂದಳು ಅವ್ವ, ಸಂತೆಯಿಂದ ಕಾಯಿಪಲ್ಯ ತಂದೆ ಎನ್ನುವಷ್ಟು ಸಹಜವಾಗಿ.

ಇಂದಿನವರಿಗೆ ಹೇಳಬೇಕೆಂದರೆ, ಮುಲ್ಕಿ ಎಂಬುದು ನಮ್ಮ ಕಡೆ ಏಳನೆಯ ಇಯತ್ತೆಯ ಪಬ್ಲಿಕ್ ಪರೀಕ್ಷೆ. ಅದು ಪಾಸಾದವರಿಗೆ ಆ ಕಾಲದಲ್ಲಿ ಶಾಲಾ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. 1962ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವ್ವ ಅದನ್ನು ಪಾಸು ಮಾಡಿದ್ದಳು. “ಆ ವರ್ಷ ನಮ್ಮ ಸಾಲ್ಯಾಗ ಪಾಸಾದ ಹುಡಿಗ್ಯಾರು ಇಬ್ಬರ. ಅದರಾಗ ನಾ ಒಬ್ಬಾಕಿ. ಅಕ್ಕೋರು ಮನಿಗೆ ಬಂದು ನಮ್ಮಪ್ಪಗ ಹೇಳಿದ್ರು, ಇಕಿನ್ನ ಧಾರವಾಡಕ್ಕ ಟ್ರೇನಿಂಗಿಗೆ ಕಳಸ್ರಿ ಅಂತ. ಅರ್ಜಿನೂ ಅವರ ಬರದಿದ್ರು. ಅಪ್ಪ ಹೂಂ ಅಂದಿದ್ದ.”

“ಆಮೇಲೆ?” ಎಂದಳು ಮಗಳು.

“ಆಮ್ಯಾಲೇನು, ಲಗ್ನ ಕೂಡಿ ಬಂತು.”

ವಿಮಾನವೊಂದು ಇಳಿಯಿತು. ಅದರ ಸದ್ದು ಅಡಗುವವರೆಗೆ ನಾವೆಲ್ಲ ಹಾಗೆಯೇ ಕೂತಿದ್ದೆವು.

ಸರ್ಟಿಫಿಕೇಟನ್ನೂ ಆ ಅರ್ಜಿಯನ್ನೂ ಅವ್ವ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳಂತೆ. ಊರು ಬಿಡುವಾಗ ಮಳೆಯಲ್ಲಿ ಎತ್ತಿನ ಗಾಡಿಯ ಮೇಲೆ ಟ್ರಂಕು ನೆನೆದು ಕಾಗದವೆಲ್ಲ ಮುದ್ದೆಯಾದವು. ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆವು. ಗೊತ್ತಿತ್ತು, ಆದರೆ ಆತ ಓದಿದ್ದು ಐದನೆಯ ಇಯತ್ತೆ, ಮಂದಿಯ ಮುಂದೆ ಆ ಮಾತು ಬೇಡವೆಂದು ತಾನೇ ಬಿಟ್ಟೆ ಎಂದಳು. ನಮ್ಮ ಕಣ್ಣ ಮುಂದೆ ಬಾಲ್ಯ ಬಂದು ನಿಂತಿತು. ನಮಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು, ತ್ರೈರಾಶಿ ಲೆಕ್ಕ ರೊಟ್ಟಿ ಬಡಿಯುತ್ತಲೇ ಹೇಳಿಕೊಟ್ಟವಳು ಈಕೆ. ಹಳ್ಳಿಯ ಹೆಂಗಸಿಗೆ ಇಷ್ಟು ಲೆಕ್ಕ ಎಲ್ಲಿಂದ ಬಂತೆಂದು ಬಿ.ಎಸ್‌ಸಿ. ಮುಗಿಸಿದ ಮೇಲೂ ನಮಗೆ ಸಂಶಯ ಬಂದಿರಲಿಲ್ಲ.

“ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?” ಎಂದೆವು.

“ನೀ ಯಾವತ್ತು ಕೇಳಿದ್ದಿ?” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಕಾರ್ಯಕ್ರಮದ ನಿಯಮದಂತೆ ಮಗಳು ಕೊನೆಯ ಪ್ರಶ್ನೆ ಕೇಳಿದಳು: ಈಗ ಆ ಬಾಗಿಲಿನಿಂದ ಯಾರಾದರೂ ಒಳಗೆ ಬರುವಂತಿದ್ದರೆ ಯಾರು ಬರಬೇಕು? ಅಪ್ಪನ ಹೆಸರು ಬರುತ್ತದೆಂದುಕೊಂಡಿದ್ದೆವು. ಅವ್ವ ಅಡಿಗೆಮನೆಯ ಬಾಗಿಲನ್ನು ನೋಡಿ, “ಅಕ್ಕೋರು ಬರಬೇಕಿತ್ತು” ಎಂದಳು. ಆ ಶಿಕ್ಷಕಿ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. “ಬಂದ್ರ ಏನ್ ಹೇಳಲಿ? ಕಳಸಲಿಲ್ಲರೀ ಅಕ್ಕೋರ, ಅನ್ನಬೇಕು.” ಇಷ್ಟು ಹೇಳಿ ಎದ್ದು, ಸೀರೆಯನ್ನು ಕುರ್ಚಿಯಿಂದ ತೆಗೆದು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಳು.

ಮಗಳು ಇದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದಳು. ರಾತ್ರಿ ತೆರೆದು ನೋಡಿದೆವು. ಮಾತು ಅಚ್ಚ ಬಾಗಲಕೋಟೆಯದು, ಲಿಪಿ ತೆಲುಗು. ನಮ್ಮ ಮಕ್ಕಳಿಗೆ ಕನ್ನಡ ಆಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ, ಈ ಪತ್ರಿಕೆ ತಲುಪುವ ಅನೇಕ ಮನೆಗಳ ಕಥೆ. ಬೆಳಿಗ್ಗೆ ಅವ್ವ ಕನ್ನಡಕ ಹಾಕಿಕೊಂಡು ಆ ಪುಟಗಳನ್ನು ನೋಡಿದಳು. “ನನ್ನ ಮಾತು ನನಗ ಓದಾಕ ಬರವಲ್ದಲ್ಲ” ಎಂದಳು. ಮಗಳ ಮುಖ ಸಣ್ಣದಾಯಿತು.

ಅಂದೇ ಪಾಠ ಆರಂಭವಾಯಿತು. ಎರಡು ಲಿಪಿಗಳೂ ಅಕ್ಕತಂಗಿಯರು, ಹೆಚ್ಚು ಕಷ್ಟವೇನಿಲ್ಲ. ಆದರೆ ಮಗಳ ಅಕ್ಷರಗಳ ತಲೆಕಟ್ಟು ತೆಲುಗಿನಂತೆ ಹಕ್ಕಿಯ ರೆಕ್ಕೆಯಾಗಿ ಮೇಲಕ್ಕೆ ಹಾರುತ್ತಿತ್ತು. ‘ಕ’, ‘ತ’, ‘ಶ’ ಬಂದಾಗ ಕೈ ತನ್ನ ರೂಢಿಯ ದಾರಿ ಹಿಡಿಯುತ್ತಿತ್ತು. ಅವ್ವ ಬಿಡಲಿಲ್ಲ. ಒಂದಕ್ಷರ ತಪ್ಪಿದರೆ ಹತ್ತು ಸಲ ಬರೆಸಿದಳು. ಮೊಮ್ಮಗಳೆಂಬ ರಿಯಾಯಿತಿ ಇರಲಿಲ್ಲ. ಅಡಿಗೆಮನೆಯಿಂದ ಕೇಳುತ್ತಿದ್ದ ನಮ್ಮಾಕೆ, “ಇವರು ಟ್ರೇನಿಂಗಿಗೆ ಹೋಗದಿದ್ದುದೇ ಮಕ್ಕಳ ಪುಣ್ಯ, ಹೋಗಿದ್ದರೆ ಇನ್ನೂ ಬಿಗಿ ಇರುತ್ತಿತ್ತು” ಎಂದಳು. ಅವ್ವ ನಕ್ಕಳು. ನಮಗೆ ಮಾತ್ರ ನಗು ಬರಲಿಲ್ಲ. ಎಷ್ಟು ಊರುಗಳ ಎಷ್ಟು ಮಕ್ಕಳು ಆ ಕೈಯಿಂದ ಅಕ್ಷರ ಕಲಿಯಬಹುದಿತ್ತು ಎಂದು ಲೆಕ್ಕ ಹಾಕುತ್ತಿದ್ದೆವು. ಮಗಳೀಗ ಕನ್ನಡದಲ್ಲಿ ಪತ್ರ ಬರೆಯಬಲ್ಲಳು. ತಲೆಕಟ್ಟು ಈಗಲೂ ಸ್ವಲ್ಪ ಹಾರುತ್ತದೆ. ಮಗ ಇನ್ನೂ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ.

ರಮೇಶ್ ಅವರ ಕುರ್ಚಿಯಲ್ಲಿ ಕೂತವರೆಲ್ಲ ಸಾಧಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಥೆ ಅವರು ಕೂರುವ ಮೊದಲೇ ಅರ್ಧ ಲೋಕಕ್ಕೆ ಗೊತ್ತಿರುತ್ತದೆ. ಕೇಳದಿದ್ದರೆ ಕಳೆದೇ ಹೋಗುವ ಕಥೆಗಳು ನಮ್ಮ ನಿಮ್ಮ ಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿವೆ. ಊರಿನಲ್ಲಾದರೆ ಕಟ್ಟೆಯ ಮೇಲೆ ಕೂತು ಕೇಳುವವರು ಹತ್ತು ಮಂದಿ ಇರುತ್ತಿದ್ದರು. ಪರಸ್ಥಳದಲ್ಲಿ ನಾವೇ ಕೇಳಬೇಕು. ನಮ್ಮ ತಂದೆಯವರನ್ನು ನಾವು ಕೇಳಲಿಲ್ಲ. ಅವರು ಬಿಟ್ಟುಹೋದ ಹೊಲದ ಸರ್ವೆ ನಂಬರು ನಮಗೆ ಬಾಯಿಪಾಠ, ಆ ಹೊಲ ಮುಳುಗಿದ ದಿನ ಅವರು ದಂಡೆಯ ಮೇಲೆ ನಿಂತು ಏನು ಯೋಚಿಸಿದರೋ ತಿಳಿಯದು.

ಕೊನೆಯದಾಗಿ ಒಂದು ಕಚೇರಿಯ ವಿಷಯ. ಕೆಲಸಕ್ಕೆ ಸೇರಿದಾಗಿನಿಂದ ಕುಟುಂಬದ ವಿ��ರ ಕೇಳುವ ನಮೂನೆಗಳನ್ನು ಎಷ್ಟು ಸಲ ತುಂಬಿದ್ದೇವೋ ಲೆಕ್ಕವಿಲ್ಲ. ತಾಯಿಯ ವಿದ್ಯಾರ್ಹತೆ ಎಂಬ ಅಂಕಣ ಬಂದಲ್ಲೆಲ್ಲ, ಯಾರನ್ನೂ ಕೇಳದೆ, ‘4ನೇ ಇಯತ್ತೆ’ ಎಂದು ಬರೆದಿದ್ದೇವೆ. ನಮ್ಮದೇ ಅಂದಾಜು, ನಮ್ಮದೇ ಸಹಿ. ಈಗ ತಿದ್ದಬೇಕೆಂದರೆ ದಾಖಲೆ ಬೇಕು. ದಾಖಲೆಯಿಲ್ಲದೆ ತಿದ್ದುಪಡಿ ಸಾಧ್ಯವಿಲ್ಲ ಎಂದು ದಿನಕ್ಕೆ ನಾಲ್ಕು ಜನರಿಗೆ ಹೇಳಿ ಕಳಿಸುವವರು ಸ್ವತಃ ನಾವೇ. ಅವರ ಮುಖಗಳು ಈಗ ನೆನಪಿಗೆ ಬರುತ್ತಿವೆ. ಹೀಗಾಗಿ ಸರ್ಕಾರದ ಕಡತದಲ್ಲಿ ಅಲ್ಲದಿದ್ದರೂ, ಸಂಪಾದಕರು ಅವಕಾಶ ಕೊಟ್ಟರೆ, ಸಂಘದ ಈ ಪುಟದಲ್ಲಿ ನಮೂದಾಗಲಿ: ನಮ್ಮ ತಾಯಿಯವರು 1962ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಹಿಂದಿನ ನಮೂದು ತಪ್ಪು. ತಪ್ಪು ನಮ್ಮದು.